ಒಂಟಿಕೋಣೆಯ ಮನೆ: ದಕ್ಷಿಣ ಬೆಂಗಳೂರಿನ ಕಿರುವಸತಿಯೂ ಅದರ ಸಾಮಗ್ರಿಯೂ

ಬೆಂಗಳೂರಿನ ತೆಂಕಣ ಬಡಾವಣೆಗಳಾದ ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆ ಇವುಗಳಲ್ಲಿ ಮೂರು ದಶಕಗಳಿಂದೀಚೆಗೆ ಒಂದು ಬಗೆಯ ಕಿರುವಸತಿಯು ಹೇರಳವಾಗಿ ಹಬ್ಬಿರುವುದು ಎಲ್ಲರ ಕಣ್ಣಿಗೂ ಬಿದ್ದಿರುವ ಸಂಗತಿಯಾಗಿದೆ. ಮಲಗುವುದಕ್ಕೂ ಕುಳ್ಳಿರುವುದಕ್ಕೂ ಉಣ್ಣುವುದಕ್ಕೂ ಓದುವುದಕ್ಕೂ ಒಂದೇ ಕೋಣೆ, ಅದರ ಮೂಲೆಯಲ್ಲಿಯೋ ಅರ್ಧ ಗೋಡೆಯ ಮರೆಯಲ್ಲಿಯೋ ಅಡುಗೆಯ ಕಟ್ಟೆ, ಬಾಗಿಲೊಳಗೆಯೇ ಬಚ್ಚಲು. ಇಷ್ಟೇ ಅದರ ಸ್ವರೂಪ. ಮನೆಯ ದಲ್ಲಾಳಿಗಳು ಇದನ್ನು ‘ಸ್ಟುಡಿಯೊ’ ಎಂದೂ, ಬಾಡಿಗೆಗೆ ಬರುವವರು ‘ಒನ್ ಆರ್‌ಕೆ’ ಎಂದೂ, ಹಳಬರು ‘ಸಿಂಗಲ್ ರೂಮು’ ಎಂದೂ ಕರೆಯುವರು. ಹೆಸರುಗಳು ಮೂರೂ ಪರಭಾಷೆಯವಾಗಿರುವುದರಿಂದ ವಸ್ತುವೂ ಪರದೇಶದಿಂದ ಬಂದುದೇ ಎಂಬ ಅಭಿಪ್ರಾಯವು ಬಳಕೆಗೆ ಬಂದಿದೆ. ತೊಟ್ಟಿಯ ಮನೆಯಲ್ಲಿ ಬಾಳಿದ ಜನಕ್ಕೆ ಇದು ಒಗ್ಗದ ವಾಸವೆಂದೂ, ಇದರಲ್ಲಿರುವವರು ತಂಗಿರುವರೇ ಹೊರತು ಮನೆ ಮಾಡಿಕೊಂಡವರಲ್ಲವೆಂದೂ ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಭಾಷೆ, ಗೃಹಸಾಮಗ್ರಿ, ನಗರದ ಚರಿತ್ರೆ ಇವುಗಳ ಆಧಾರದಿಂದ ವಿಚಾರಿಸಬೇಕಾಗಿದೆ.

ಮೊದಲು ಹೆಸರನ್ನೇ ನೋಡಬಹುದು. ಸ್ಟುಡಿಯೊ ಎಂಬುದು ಲ್ಯಾಟಿನ್ನಿನ ಸ್ಟುಡಿಯಂ ಎಂಬುದರಿಂದ ಇಟಲಿಯ ಭಾಷೆಗೆ ಬಂದ ಶಬ್ದ. ವ್ಯಾಸಂಗ, ವ್ಯಾಸಂಗದ ಸ್ಥಳ ಎಂದು ಅದರ ಮೊದಲ ಅರ್ಥ. ಚಿತ್ರಕಾರನು ಕೆಲಸಮಾಡುವ ಕೋಣೆಗೆ ಆ ಹೆಸರು ನಿಂತು, ಅಂಥ ಕೋಣೆಯಲ್ಲಿಯೇ ಅವನು ಉಂಡು ಮಲಗುತ್ತಿದ್ದ ಕಾರಣ ಒಂದೇ ಕೋಣೆಯ ವಸತಿಗೂ ಪಶ್ಚಿಮದ ನಗರಗಳಲ್ಲಿ ಅದೇ ಹೆಸರಾಯಿತು. ಅಲ್ಲಿ ಕೋಣೆಗೆ ಹೆಸರು ಕೊಟ್ಟದ್ದು ಅದರಲ್ಲಿ ನಡೆಯುವ ಕೆಲಸವೆಂಬುದು ಗಮನಿಸತಕ್ಕ ವಿಷಯ. ಏಕೆಂದರೆ ಕನ್ನಡದ ರೂಢಿಯೂ ಅದೇ ಆಗಿದೆ.

ಕನ್ನಡದಲ್ಲಿ ‘ಮನೆ’ ಎಂಬುದು ಇಡಿಯ ಕಟ್ಟಡಕ್ಕೂ ಹೆಸರು, ಅದರ ಒಂದೊಂದು ಭಾಗಕ್ಕೂ ಹೆಸರು. ಅಡುಗೆಮನೆ, ದೇವರಮನೆ, ಬಚ್ಚಲುಮನೆ ಎಂಬ ಮಾತುಗಳಲ್ಲಿ ಉತ್ತರಪದವು ಕೋಣೆಯೆಂಬ ಅರ್ಥದಲ್ಲಿಯೇ ಇರುವುದು. ಚೌಕಾಬಾರದ ಪಟದ ಮೇಲಣ ಒಂದೊಂದು ಚೌಕವೂ ‘ಮನೆ’ಯೇ. ತಮಿಳಿನ ಮನೈ ಇದರ ಸಜಾತೀಯ ಶಬ್ದ. ತೆಲುಗಿನಲ್ಲಿ ಬಾಳು, ಜೀವಿಸು ಎಂಬರ್ಥದ ‘ಮನು’ ಧಾತುವನ್ನೂ ಭಾಷಾಶಾಸ್ತ್ರಜ್ಞರು ಇದರೊಡನೆ ಸೇರಿಸುವರು. ಎಂದರೆ ಮನೆಯೆಂಬುದು ಬಾಳುವ ಎಡೆ. ಯಾವ ಕೆಲಸವನ್ನು ಮಾಡುತ್ತ ಬಾಳುವರೋ ಆ ಕೆಲಸದ ಹೆಸರು ಅದಕ್ಕೆ ವಿಶೇಷಣವಾಗಿ ಹತ್ತುವುದು. ದೊಡ್ಡ ಮನೆಯು ಹಲವು ಮನೆಗಳ ಮನೆ. ಒಂಟಿಕೋಣೆಯದು ಆ ಎಲ್ಲ ಮನೆಗಳೂ ಒಂದರಲ್ಲಿಯೇ ಅಡಗಿದ ಮನೆ. ಶಬ್ದದ ದೃಷ್ಟಿಯಿಂದ ಇದರಲ್ಲಿ ವಿರೋಧವೇನೂ ಇಲ್ಲ.

ಅಳತೆಯ ಮಾತುಗಳೂ ಇದನ್ನೇ ಹೇಳುವುವು. ಹಳೆಯ ಕಾಲದಲ್ಲಿ ಮನೆಯ ಗಾತ್ರವನ್ನು ಕೋಣೆಗಳ ಎಣಿಕೆಯಿಂದ ಹೇಳುತ್ತಿರಲಿಲ್ಲ. ಎರಡು ಕಂಬಗಳ ನಡುವಣ ಎಡೆಯನ್ನು ಅಂಕಣವೆಂದು ಕರೆದು, ಎರಡಂಕಣದ ಮನೆ, ಮೂರಂಕಣದ ಮನೆ ಎಂದು ಹೇಳುತ್ತಿದ್ದರು. ಅಂಕಣದಲ್ಲಿ ಏನು ನಡೆಯಬೇಕೆಂಬುದನ್ನು ಆ ಶಬ್ದವು ಹೇಳದು. ಬೆಂಗಳೂರಿನ ಕಟ್ಟಡದ ಮೇಸ್ತ್ರಿಗಳು ಇಂದಿಗೂ ನೂರು ಚದರ ಅಡಿಗೆ ಒಂದು ‘ಚದರ’ವೆಂದು ಲೆಕ್ಕ ಹಾಕುವರು, ಹತ್ತು ಚದರದ ಮನೆಯೆಂದರೆ ಸಾವಿರ ಅಡಿ. ಇದೂ ಕೋಣೆಗಳ ಗೊಡವೆಗೆ ಹೋಗದ ಅಳತೆಯೇ. ಮಲಗುವ ಕೋಣೆ, ಹಜಾರ, ಅಡುಗೆಮನೆ ಇವುಗಳನ್ನು ಬೇರೆ ಬೇರೆಯಾಗಿ ಎಣಿಸುವ ‘ಟೂ ಬಿ. ಎಚ್. ಕೆ.’ ಎಂಬ ಪರಿಭಾಷೆಯು ತೀರ ಈಚಿನದು. ಅಂಕಣದಿಂದ ಚದರಕ್ಕೂ ಚದರದಿಂದ ಬಿ. ಎಚ್. ಕೆ.ಗೂ ಬಂದ ಈ ದಾರಿಯಲ್ಲಿ, ಒಂದು ಎಡೆಗೆ ಒಂದೇ ಕೆಲಸವೆಂಬ ಭಾವನೆಯು ಕೊನೆಯ ಘಟ್ಟದಲ್ಲಿ ಸೇರಿಕೊಂಡಿತೆಂಬುದು ಸ್ಪಷ್ಟವಾಗಿದೆ. ಶಾಸನಗಳಲ್ಲಿ ಮನೆಯ ಜಾಗಕ್ಕೆ ಬರುವ ‘ನಿವೇಶನ’ ಎಂಬ ಶಬ್ದವು ಮಾತ್ರ ಅಂದಿನಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಹಂಚಿಕೆಪತ್ರಗಳವರೆಗೆ ಕೆಡದೆ ಉಳಿದುಬಂದಿದೆ.

ಇನ್ನು ಸಾಮಗ್ರಿಯ ವಿಚಾರ. ಪ್ರಕೃತ ವಿಷಯಕ್ಕೆ ಇದೇ ಮುಖ್ಯ. ಕನ್ನಡ ನಾಡಿನ ಸಾಮಾನ್ಯ ಮನೆಯಲ್ಲಿ ಇದ್ದ ವಸ್ತುಗಳ ಹೆಸರುಗಳನ್ನು ಒಂದೆಡೆ ಕೂಡಿಸಿ ನೋಡಿದರೆ ಒಂದು ಸಂಗತಿಯು ಗೋಚರವಾಗುತ್ತದೆ. ಹಾಸಿಗೆಯೆಂದರೆ ಹಾಸುವುದು, ಹಗಲು ಸುತ್ತಿ ಮೂಲೆಗಿಡುವುದು. ಚಾಪೆ, ಕಂಬಳಿಗಳೂ ಹಾಗೆಯೇ. ಮಣೆಯು ಊಟದ ಹೊತ್ತಿಗೆ ನೆಲಕ್ಕೆ ಬಂದು ಮತ್ತೆ ಗೋಡೆಗೆ ಒರಗುವುದು. ನೆಲವು ಮಾಡಿನ ತೊಲೆಯಿಂದ ತೂಗುವುದು. ಹಾಲು ಮೊಸರು ಬೆಕ್ಕಿನ ಬಾಯಿಗೆ ಸಿಕ್ಕದಂತೆ ಅದರಲ್ಲಿರುವುವು. ಮಡಿಬಟ್ಟೆಯನ್ನು ಹರಹುವ ಬಿದಿರಿನ ಗಳವೂ ತಲೆಯ ಮೇಲೆಯೇ. ಗೂಡು ಗೋಡೆಯೊಳಗೆ ಅಡಗಿರುವುದು, ಗೂಟವು ಗೋಡೆಗೆ ನೆಟ್ಟಿರುವುದು, ಅಟ್ಟವು ಮೇಲಿರುವುದು. ಇವೆಲ್ಲವೂ ಸುತ್ತಿಡುವ, ತೂಗುವ, ಗೋಡೆಯಲ್ಲಿ ಸೇರಿಹೋಗುವ ವಸ್ತುಗಳು. ನೆಲವನ್ನು ಹಿಡಿದು ನಿಲ್ಲುವ ವಸ್ತುಗಳ ಹೆಸರುಗಳಾದರೋ ಬಹುಮಟ್ಟಿಗೆ ಹೊರಗಿನಿಂದ ಬಂದುವು. ಕುರ್ಚಿ ಅರಬ್ಬಿಯ ಕುರ್ಸಿ; ಮರಾಠಿಯ ಖುರ್ಚಿಯ ರೂಪವು ನಮ್ಮದಕ್ಕೆ ಇನ್ನೂ ಹತ್ತಿರ. ಮೇಜು ಪಾರಸಿಯದು. ಅಲಮಾರು ಪೋರ್ಚುಗೀಸರ ಅರ್ಮಾರಿಯೊ. ಬೀರು ಫ್ರೆಂಚರ ಬ್ಯೂರೊ, ಇಂಗ್ಲಿಷಿನ ಮೂಲಕ ಬಂದುದು. ಸೋಫಾ, ಸ್ಟೂಲು, ಬೆಂಚುಗಳನ್ನು ಹೇಳಲೇಬೇಕಾಗಿಲ್ಲ. ಮಂಚವೂ ಸಂಸ್ಕೃತದ್ದೇ.

ಈ ವಿಭಾಗಕ್ಕೆ ಅಪವಾದಗಳಿಲ್ಲವೆಂದಲ್ಲ. ಒರಳು, ಬೀಸುವ ಕಲ್ಲು, ಕಣಜ, ವಾಡೆ ಇವು ಇದ್ದಲ್ಲಿಂದ ಕದಲುವ ವಸ್ತುಗಳಲ್ಲ. ತೊಟ್ಟಿಲು ಪೆಟ್ಟಿಗೆಗಳು ನಡುವಣ ಸ್ಥಿತಿಯವು. ಆದರೆ ಕದಲದ ವಸ್ತುಗಳು ಧಾನ್ಯಕ್ಕೆ ಸಂಬಂಧಪಟ್ಟವೇ ಹೊರತು ಮನುಷ್ಯನು ಕುಳಿತೇಳುವ ಎಡೆಗೆ ಸಂಬಂಧಪಟ್ಟವಲ್ಲ. ಪೀಠ ಪರ್ಯಂಕಗಳು ನಾಡಿಗೆ ತಿಳಿಯದೆಯೂ ಇರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗೃಹಭೋಗ, ಶಯ್ಯಾಭೋಗ, ಆಸನಭೋಗಗಳಿಗೆ ಪ್ರತ್ಯೇಕ ಪ್ರಕರಣಗಳೇ ಇರುವುವು. ಆದರೆ ಅದು ಅರಮನೆಯ ಮಾತು. ಅದಕ್ಕೆ ಒಂದು ಶತಮಾನದಷ್ಟು ಹಿಂದೆ, ೧೦೨೫ರ ಸುಮಾರಿನಲ್ಲಿ, ಚಾವುಂಡರಾಯನು ಲೋಕದ ಉಪಯೋಗಕ್ಕೆಂದೇ ಕನ್ನಡದಲ್ಲಿ ಬರೆದ ಲೋಕೋಪಕಾರವು ವಾಸ್ತು, ಜಲಶೋಧನೆ, ಸುಗಂಧ, ಸೂಪಶಾಸ್ತ್ರ ಇವುಗಳನ್ನು ಹೇಳುತ್ತದೆ. ರಾಜಭೋಗದ ಗ್ರಂಥವು ಮಂಚಪೀಠಗಳ ಭೇದಗಳನ್ನು ಎಣಿಸುವಲ್ಲಿ, ಗೃಹಸ್ಥನ ಗ್ರಂಥವು ಬಾವಿ, ಒಲೆಗಳ ಕಡೆಗೆ ತಿರುಗಿರುವುದು ಗಮನಾರ್ಹ. ಆದುದರಿಂದ ಒಂದೇ ಎಡೆಯು ಬೆಳಗ್ಗೆ ಓದಿಗೆ, ಮಧ್ಯಾಹ್ನ ಊಟಕ್ಕೆ, ರಾತ್ರಿ ನಿದ್ದೆಗೆ ಒದಗುವುದು ಕನ್ನಡ ಗೃಹಸ್ಥನಿಗೆ ಬಡತನದ ಗುರುತಾಗಿರಲಿಲ್ಲ. ಅದು ಮನೆಯ ಸಹಜಕ್ರಮವಾಗಿದ್ದಿತು.

ಇಷ್ಟು ಮಾತಿನಿಂದ ಇಂದಿನ ಒಂಟಿಕೋಣೆಯೂ ಹಳೆಯ ಅಂಕಣದ ಮನೆಯೂ ಒಂದೇ ಎಂದು ತೀರ್ಮಾನಿಸಬಾರದು. ನಡುವೆ ನಡೆದ ನಗರದ ಕಥೆ ಬೇರೆಯಾಗಿದೆ.

ಬೆಂಗಳೂರಿನ ಹಳೆಯ ಪೇಟೆಯಲ್ಲಿಯೂ, ೧೮೯೨ರಲ್ಲಿ ಏರ್ಪಟ್ಟ ಚಾಮರಾಜಪೇಟೆ ಮೊದಲಾದ ಬಡಾವಣೆಗಳಲ್ಲಿಯೂ ಒಂದೆರಡು ಕೋಣೆಗಳ ಬಾಡಿಗೆಮನೆಯೆಂದರೆ ವಠಾರದ ಮನೆಯೇ. ಒಂದು ಅಂಗಳದ ಸುತ್ತಲೋ ಒಂದು ಓಣಿಯ ಎರಡು ಪಕ್ಕಗಳಲ್ಲಿಯೋ ಸಾಲಾಗಿ ಮನೆಗಳು. ಎಲ್ಲಕ್ಕೂ ಸೇರಿ ಒಂದು ಬಾವಿ ಅಥವಾ ನಲ್ಲಿ, ಹಿಂದೆ ಪಾಯಿಖಾನೆ. ಕೋಣೆ ಚಿಕ್ಕದಾದರೂ ಬಾಳು ಕೋಣೆಯೊಳಗೇ ನಡೆಯುತ್ತಿರಲಿಲ್ಲ. ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಹಪ್ಪಳ ಒಣಗಿಸುವುದು, ಮಕ್ಕಳ ಆಟ, ಹೆಂಗಸರ ಮಾತು, ಮುದುಕರ ಬಿಸಿಲು ಎಲ್ಲವೂ ಜಗಲಿಯಲ್ಲಿ, ಅಂಗಳದಲ್ಲಿ. ೧೮೯೮ರ ಪ್ಲೇಗು ಈ ಒತ್ತಿನ ವಾಸವನ್ನು ಅಧಿಕಾರಿಗಳ ಕಣ್ಣಿನಲ್ಲಿ ಅಪಾಯಕರವಾಗಿ ಮಾಡಿತು. ಆ ಹೊತ್ತಿನಲ್ಲಿ ಬೆಳೆಯತೊಡಗಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗೂ ಮನೆಗೂ ನಡುವೆ ಗಾಳಿ ಬೆಳಕಿಗೆ ಎಡೆ, ಹಿಂಭಾಗದಲ್ಲಿ ಮಲ ಸಾಗಿಸುವವರಿಗೆ ಬೇರೆ ಓಣಿ ಎಂಬ ಕ್ರಮವು ನೆಲೆಗೊಂಡಿತು. ಆ ಓಣಿಗಳಲ್ಲಿ ನಡೆದಾಡಿದವರ ಬಾಳಿನ ವಿಚಾರವನ್ನು ಬಡಾವಣೆಯ ಚೆಲುವನ್ನು ವರ್ಣಿಸುವವರು ಬಿಟ್ಟುಬಿಡುವುದು ವಾಡಿಕೆಯಾಗಿದೆ. ಒಳಮನೆಯ ಬಚ್ಚಲಿಗೂ ಊರಿನ ಜಾತಿವ್ಯವಸ್ಥೆಗೂ ಇರುವ ಸಂಬಂಧವು ಆ ಓಣಿಗಳಲ್ಲಿಯೇ ಕಾಣುವುದು.

೧೯೪೫ರಲ್ಲಿ ಬೆಂಗಳೂರು ನಗರಾಭಿವೃದ್ಧಿ ಮಂಡಲಿಯು ಹುಟ್ಟಿತು; ೧೯೪೮ರಲ್ಲಿ ಜಯನಗರಕ್ಕೆ ಆರಂಭವಾಯಿತು. ಜಯಚಾಮರಾಜ ಒಡೆಯರ ಹೆಸರು ಹೊತ್ತ ಈ ಬಡಾವಣೆಯಲ್ಲಿಯೂ ಮುಂದಿನ ಬಡಾವಣೆಗಳಲ್ಲಿಯೂ ನಿವೇಶನವು ಇಪ್ಪತ್ತು ಮೂವತ್ತು, ಮೂವತ್ತು ನಲವತ್ತು, ನಲವತ್ತು ಅರವತ್ತು ಅಡಿಗಳೆಂಬ ಕಟ್ಟಿನ ಅಳತೆಗಳಲ್ಲಿ ಹಂಚಿಕೆಯಾಯಿತು. ಒಂದು ನಿವೇಶನಕ್ಕೆ ಒಂದು ಕುಟುಂಬ, ಒಂದು ಕೈತೋಟವೆಂಬುದು ಮಂಡಲಿಯ ಕಲ್ಪನೆ. ಜನರ ಲೆಕ್ಕವು ಬೇರೆಯಾಗಿದ್ದಿತು. ಮನೆಯ ಹಿಂದೆ ಉಳಿದ ಜಾಗದಲ್ಲಿ ಒಂದು ‘ಔಟ್‌ಹೌಸು’ ಎದ್ದಿತು. ಬಳಿಕ ತಾರಸಿಯ ಮೇಲೆ ಒಂದು ಕೋಣೆ. ಸಾಲ ತೀರಿಸುವ ಗುಮಾಸ್ತೆಗೆ ಅದರ ಬಾಡಿಗೆಯು ಆಸರೆ. ಊರಿಂದ ಓದಲು ಬಂದ ಹುಡುಗನಿಗೆ ಅದೇ ಮನೆ. ದಕ್ಷಿಣ ಬೆಂಗಳೂರಿನ ಒಂಟಿಕೋಣೆಯ ಮನೆಯ ಪೂರ್ವಜನು ಪಶ್ಚಿಮದ ಸ್ಟುಡಿಯೊ ಅಲ್ಲ, ಈ ಔಟ್‌ಹೌಸೇ ಎಂದು ಹೇಳಬೇಕಾಗುತ್ತದೆ.

ಪಶ್ಚಿಮದಲ್ಲಿ ಇದೇ ಕಾಲದಲ್ಲಿ ಕಿರುವಸತಿಯ ಶಾಸ್ತ್ರವೊಂದು ಬೆಳೆದಿದ್ದಿತೆಂಬುದು ನಿಜ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಮಾರ್ಗರೆಟೆ ಷ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿಯು ೧೯೨೬ರಲ್ಲಿ ಸುಮಾರು ೧.೯ ಮೀಟರು ಅಗಲ, ೩.೪ ಮೀಟರು ಉದ್ದದ ಅಡುಗೆಮನೆಯನ್ನು ಕೆಲಸದ ಹೆಜ್ಜೆಗಳನ್ನು ಲೆಕ್ಕಹಾಕಿ ರೂಪಿಸಿದಳು. ೧೯೨೯ರಲ್ಲಿ ಅದೇ ಊರಿನಲ್ಲಿ ಹೊಸ ವಾಸ್ತುಶಿಲ್ಪಿಗಳ ಸಮ್ಮೇಳನವು ಬಾಳಿಗೆ ಕನಿಷ್ಠ ಎಷ್ಟು ವಸತಿ ಬೇಕೆಂಬುದನ್ನೇ ಚರ್ಚೆಯ ವಿಷಯವಾಗಿ ಇಟ್ಟುಕೊಂಡಿತು. ಬರ್ಲಿನ್ನಿನಲ್ಲಿ ಕಲಿತು ನಾಜಿಗಳ ಕಾರಣದಿಂದ ದೇಶಬಿಟ್ಟ ಆಟೊ ಕೋನಿಗ್ಸ್‌ಬರ್ಗರ್ ೧೯೩೯ರಿಂದ ೧೯೪೮ರವರೆಗೆ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿನಲ್ಲಿಯೇ ಇದ್ದನು. ಆ ಚರ್ಚೆಯನ್ನು ಬಲ್ಲವನೊಬ್ಬನು ಊರಿನಲ್ಲಿಯೇ ಇದ್ದರೂ ಕಿರುಮನೆಯು ಇಲ್ಲಿ ಶಾಸ್ತ್ರದ ಮೂಲಕ ಬರಲಿಲ್ಲ; ಬಾಡಿಗೆಯ ಮೂಲಕ ಬಂದಿತು.

ಬಾಡಿಗೆಯ ಕಾನೂನೂ ಅದರ ರೂಪವನ್ನು ತಿದ್ದಿತು. ೧೯೫೧ರ ಮೈಸೂರು ಅಧಿನಿಯಮವೂ ಅದರ ಬಳಿಕ ೧೯೬೧ರ ಅಧಿನಿಯಮವೂ ಒಕ್ಕಲನ್ನು ಸುಲಭವಾಗಿ ಎಬ್ಬಿಸಲಾಗದಂತೆ ಕಟ್ಟುಮಾಡಿದುವು. ಅವುಗಳ ಸ್ಥಾನದಲ್ಲಿ ೧೯೯೯ರ ಅಧಿನಿಯಮವು ಬಂದಿತು. ಒಡೆಯರು ತಮ್ಮ ರಕ್ಷಣೆಗೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿಯು ಬೆಂಗಳೂರಿನ ವೈಶಿಷ್ಟ್ಯವೇ ಆಗಿ ಬೆಳೆಯಿತು. ೨೦೨೧ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಮಾದರಿ ಅಧಿನಿಯಮವು ಎರಡು ತಿಂಗಳ ಮಿತಿಯನ್ನು ಸೂಚಿಸಿದ್ದರೂ ಹಳೆಯ ರೂಢಿ ಪೂರ್ತಿ ಸಡಲಿಲ್ಲ. ಕರಾರು ಹನ್ನೊಂದು ತಿಂಗಳಿಗೆ. ಏಕೆಂದರೆ ೧೯೦೮ರ ನೋಂದಣಿ ಕಾನೂನಿನ ಮೇರೆಗೆ ಒಂದು ವರ್ಷವನ್ನು ಮೀರಿದ ಗೇಣಿಪತ್ರವು ನೋಂದಣಿಯಾಗತಕ್ಕದ್ದು. ಇಡಿಗಂಟು ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಗಂಟನ್ನು ಹಿಂದಕ್ಕೆ ಪಡೆಯುವ ‘ಭೋಗ್ಯ’ದ ಪದ್ಧತಿಯೂ ಇದರ ಜೊತೆಗೆ ಉಂಟು, ಧರ್ಮಶಾಸ್ತ್ರದ ಭೋಗ್ಯಾಧಿಯ ಹೆಸರೇ ಅದು. ಇವೆಲ್ಲದರ ಪರಿಣಾಮವು ಮನೆಯ ಒಳಗೆ ಕಾಣುತ್ತದೆ. ಕೈಯಲ್ಲಿದ್ದ ಹಣವು ಮುಂಗಡಕ್ಕೆ ಹೋದ ಮೇಲೆ ಸಾಮಾನಿಗೆ ಉಳಿಯುವುದು ಕೊಂಚ. ಹನ್ನೊಂದು ತಿಂಗಳಿಗೆ ಬಿಡಬೇಕಾದೀತೆಂಬ ಎಣಿಕೆಯಿರುವವನು ಗೋಡೆಗೆ ಮೊಳೆ ಹೊಡೆಯುವಾಗಲೂ ಯೋಚಿಸುವನು.

ಕೋಣೆಯು ‘ಮನೆ’ಯಾಗುವುದಕ್ಕೆ ಇನ್ನೆರಡು ಬೇಕಾಗಿದ್ದುವು: ನೀರು ಮತ್ತು ಹೊಗೆಯಿಲ್ಲದ ಬೆಂಕಿ. ೧೮೯೦ರ ದಶಕದಲ್ಲಿ ಹೆಸರುಘಟ್ಟದಿಂದಲೂ ೧೯೩೩ರಿಂದ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದಲೂ ಬೆಂಗಳೂರಿಗೆ ಕೊಳಾಯಿಯ ನೀರು ಬಂದಿತಾದರೂ ಬೆಳೆಯುವ ಊರಿಗೆ ಅದು ಸಾಲದಾಯಿತು. ೧೯೬೪ರಲ್ಲಿ ಜಲಮಂಡಲಿಯ ಸ್ಥಾಪನೆ. ೧೯೭೪ರಲ್ಲಿ ಕಾವೇರಿಯ ಮೊದಲ ಹಂತದ ನೀರು. ತಲೆಯ ಮೇಲೆ ತೊಟ್ಟಿ, ಕೆಳಗೆ ಒಳಚರಂಡಿ ಇವು ಸಾಮಾನ್ಯವಾದಮೇಲೆ ಪ್ರತಿಯೊಂದು ಕೋಣೆಯೂ ತನ್ನದೇ ಬಚ್ಚಲನ್ನು ಹೊಂದುವುದು ಸಾಧ್ಯವಾಯಿತು. ಸೌದೆಯ ಒಲೆಯನ್ನು ಮಲಗುವ ಕೋಣೆಯಲ್ಲಿ ಇಟ್ಟುಕೊಂಡು ಬಾಳುವುದು ಎಷ್ಟು ಕಷ್ಟವೆಂಬುದನ್ನು ಹಳ್ಳಿಯ ಒಂದಂಕಣದ ಮನೆಗಳ ಕರಿಹಿಡಿದ ಜಂತೆಗಳೇ ಹೇಳುವುವು. ಸೀಮೆಎಣ್ಣೆಯ ಒಲೆಯು ಹೊಗೆಯನ್ನು ತಗ್ಗಿಸಿತು, ವಾಸನೆಯನ್ನು ಉಳಿಸಿತು. ೧೯೬೫ರಲ್ಲಿ ಇಂಡೇನ್ ಎಂಬ ಹೆಸರಿನ ಅಡುಗೆ ಅನಿಲವು ದೇಶದಲ್ಲಿ ಮಾರಾಟಕ್ಕೆ ಬಂದು, ಕ್ರಮೇಣ ಬೆಂಗಳೂರಿನ ಮನೆಗಳಲ್ಲಿ ಸಿಲಿಂಡರು ನೆಲೆಗೊಂಡ ಮೇಲೆಯೇ ಹಾಸಿಗೆಯೂ ಒಲೆಯೂ ಒಂದೇ ಕೋಣೆಯಲ್ಲಿ ಬಾಳಬಲ್ಲವಾದುವು. ವಠಾರದ ಕೋಣೆಗೂ ಇಂದಿನ ಒಂಟಿಕೋಣೆಯ ಮನೆಗೂ ಇರುವ ನಿಜವಾದ ಭೇದವು ಗಾತ್ರದಲ್ಲಿಲ್ಲ, ಈ ಎರಡು ಕೊಳವೆಗಳಲ್ಲಿದೆ.

೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ಸ್ ನಗರವನ್ನು ಆರಂಭಿಸಿತು. ೧೯೯೦ರ ದಶಕದಲ್ಲಿ ಅಲ್ಲಿಗೂ ಬನ್ನೇರುಘಟ್ಟದ ರಸ್ತೆಗೂ ಕೆಲಸಕ್ಕೆ ಬಂದ ಯುವಜನರಿಗೆ ಹತ್ತಿರದ ವಾಸಸ್ಥಳವಾಗಿ ಒದಗಿದುದು ಬಿ. ಟಿ. ಎಂ. ಬಡಾವಣೆ. ಮೂರು ಅಕ್ಷರಗಳ ಹಿಂದೆ ಭೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಹಳ್ಳಿಗಳು ಅಡಗಿರುವುವು. ಸಂದ್ರವೆಂದರೆ ಸಮುದ್ರ, ಎಂದರೆ ಕೆರೆ. ತಾವರೆಕೆರೆಯಂತೂ ಹೆಸರಿನಲ್ಲಿಯೇ ಕೆರೆ. ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿ ೧೩ನೆಯ ಶತಮಾನದ ತಮಿಳು ಶಾಸನವಿದೆ. ಬೆಂಗಳೂರೆಂಬ ಹೆಸರು ಬರುವ ೯ನೆಯ ಶತಮಾನದ ವೀರಗಲ್ಲು ಇರುವ ಬೇಗೂರು ಅಲ್ಲಿಂದ ದೂರವಲ್ಲ. ಇಷ್ಟು ಹಳೆಯ ನೆಲವು ಮೂರು ಇಂಗ್ಲಿಷ್ ಅಕ್ಷರಗಳಾಗಿ ಕುಗ್ಗಿದುದಕ್ಕೆ ವ್ಯಥೆಪಡುವವರು, ಅಲ್ಲಿಯ ಮನೆಗಳೂ ಅದೇ ಪ್ರಮಾಣದಲ್ಲಿ ಕುಗ್ಗಿರುವುದನ್ನು ನೋಡಬೇಕು. ಮೂವತ್ತು ನಲವತ್ತರ ನಿವೇಶನದಲ್ಲಿ ಒಂದರ ಮೇಲೊಂದು ಮೂರು ನಾಲ್ಕು ಅಂತಸ್ತು, ಅಂತಸ್ತಿಗೆ ಹಲವು ಬಾಗಿಲು. ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಂದೇ ಕೋಣೆಯಿರುವಲ್ಲಿ ಅದು ೯.೫ ಚದರ ಮೀಟರಿಗೂ ಅಗಲವು ೨.೪ ಮೀಟರಿಗೂ ಕಡಮೆಯಾಗಬಾರದೆಂದೂ, ಅಡುಗೆಮನೆಯು ೫ ಚದರ ಮೀಟರಿಗೂ, ಪಾಯಿಖಾನೆ ಸೇರಿದ ಬಚ್ಚಲು ೨.೮ ಚದರ ಮೀಟರಿಗೂ ಕಡಮೆಯಾಗಬಾರದೆಂದೂ ವಿಧಿಸಿದೆ. ಮೂರನ್ನೂ ಕೂಡಿಸಿದರೆ ೧೭.೩ ಚದರ ಮೀಟರು. ಮೇಸ್ತ್ರಿಯ ಲೆಕ್ಕದಲ್ಲಿ ಎರಡು ಚದರಕ್ಕೂ ಕೊಂಚ ಕಡಮೆ. ಫ್ರಾಂಕ್‌ಫರ್ಟಿನ ಪ್ರಶ್ನೆಗೆ ಭಾರತವು ಕೊಟ್ಟಿರುವ ಉತ್ತರವೆಂದು ಇದನ್ನು ಓದಬಹುದು.

ಈ ಎರಡು ಮೂರು ಚದರದಲ್ಲಿ ಮನೆಯನ್ನು ಹೂಡುವ ಬಗೆಯು ಹೇಗೆ? ಇಲ್ಲಿ ಹಳೆಯದೂ ಹೊಸದೂ ವಿಚಿತ್ರವಾಗಿ ಹೆಣೆದುಕೊಂಡಿರುವುವು. ಸಾಮಾನನ್ನು ಒಳಕ್ಕೆ ತರುವ ಮೊದಲು ಹಾಲು ಉಕ್ಕಿಸುವ ಪದ್ಧತಿಯು ಬಾಡಿಗೆಯ ಮನೆಗಳಲ್ಲಿಯೂ ಬಹಳಮಟ್ಟಿಗೆ ನಡೆದುಬಂದಿದೆ. ಒಲೆ ಹೊತ್ತಿದ ಮೇಲೆಯೇ ಅದು ಮನೆ. ಬಳಿಕ ಬರುವ ವಸ್ತುಗಳ ಸರದಿಯು ಬೇರೆಯಾಗಿದೆ. ಹಿಂದೆ ಪಾತ್ರೆಗಳ ಮೂಟೆ ಮೊದಲು ಬರುತ್ತಿದ್ದಿತು. ಈಗ ಮಂಚವು ಮೊದಲು. ಆರೂಕಾಲು ಅಡಿ ಉದ್ದ, ಮೂರು ಅಡಿ ಅಗಲದ ಒಂಟಿ ಮಂಚವೂ ಸುಮಾರು ಹತ್ತೊಂಬತ್ತು ಚದರ ಅಡಿಯನ್ನು ಹಗಲಿರುಳೂ ನುಂಗಿಕೊಂಡಿರುವುದು. ನೂರು ಅಡಿಯ ಕೋಣೆಯಲ್ಲಿ ಇದು ಐದರಲ್ಲೊಂದು ಪಾಲು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಇಲ್ಲಿ ಕೋಣೆ ಇದ್ದಷ್ಟು ಹಾಸಿಗೆ ಚಾಚೆಂದು ತಿರುಗಿಸಬೇಕಾಗುವುದು. ಆದುದರಿಂದಲೇ ಒಳಗೆ ಪೆಟ್ಟಿಗೆಯಿರುವ ‘ದಿವಾನ್’ ಈ ಮನೆಗಳಲ್ಲಿ ಮೆಚ್ಚಿಕೆಯಾಯಿತು: ಹಗಲು ಕೂರಲು, ಇರುಳು ಮಲಗಲು, ಒಳಗೆ ಕಂಬಳಿ ಹೊದಿಕೆಗಳನ್ನು ತುಂಬಲು. ಪಾರಸಿಯ ದರ್ಬಾರಿನಿಂದ ಹೊರಟ ಈ ಶಬ್ದವು ಮೈಸೂರಿನಲ್ಲಿ ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯನವರ ಪದವಿಗೆ ಹೆಸರಾಗಿದ್ದು, ಅದೇ ಊರಿನ ಬಾಡಿಗೆಕೋಣೆಯಲ್ಲಿ ಮಂಚವಾಗಿ ಉಳಿದಿರುವುದು ಶಬ್ದಗಳ ಪಾಡು.

ಬಟ್ಟೆಬರೆಗೆ ಉಕ್ಕಿನ ಬೀರು. ಗೋದ್ರೇಜ್ ಸಂಸ್ಥೆಯು ೧೯೨೩ರಲ್ಲಿ ತಯಾರಿಸತೊಡಗಿದ ಈ ವಸ್ತುವು ಎಷ್ಟರಮಟ್ಟಿಗೆ ಮನೆಮಾತಾಯಿತೆಂದರೆ, ಯಾರು ಮಾಡಿದುದಾದರೂ ಉಕ್ಕಿನ ಬೀರುವಿಗೆ ‘ಗೋದ್ರೇಜು’ ಎಂದೇ ಹೆಸರಾಗಿಹೋಯಿತು. ಆದರೆ ಒಂಟಿಕೋಣೆಯಲ್ಲಿ ಅದಕ್ಕೂ ಎಡೆ ಕಷ್ಟ. ಕಟ್ಟುವಾಗಲೇ ಗೋಡೆಯಲ್ಲಿ ಕಡಪದ ಕಲ್ಲಿನ ಹಲಗೆಗಳನ್ನು ಕೂಡಿಸಿ, ಬಾಗಿಲ ಮೇಲೆ ಸಜ್ಜವನ್ನು ಎಳೆದಿರುವ ಮನೆಗೆ ಒಕ್ಕಲು ಬೇಗ ಸಿಕ್ಕುವರೆಂಬುದನ್ನು ಒಡೆಯರು ಅರಿತಿರುವರು. ಗೂಡೂ ಅಟ್ಟವೂ ಸಿಮೆಂಟಿನ ರೂಪದಲ್ಲಿ ಮರಳಿ ಬಂದಿರುವುವೆಂದು ಇದನ್ನು ತಿಳಿಯಬಹುದಾಗಿದೆ. ಬಾಗಿಲ ಹಿಂದಣ ಕೊಕ್ಕೆಗಳು ಗೂಟದ ಸ್ಥಾನವನ್ನೂ, ರಾಟೆಯಿಂದ ಇಳಿಸಿ ಏರಿಸುವ ಒಣಗುಹಗ್ಗವು ಮಡಿಗಳದ ಸ್ಥಾನವನ್ನೂ ಪಡೆದುವು. ಮಡಚುವ ಮೇಜು, ಮಡಚುವ ಕುರ್ಚಿಗಳು ಮಣೆಯ ಕ್ರಮವನ್ನೇ ಅನುಸರಿಸುವುವು. ಬೇಕಾದಾಗ ನೆಲಕ್ಕೆ, ಬೇಡವಾದಾಗ ಗೋಡೆಗೆ. ನೆಲವು ಒಂದು ಮಾತ್ರ ಮರಳಲಿಲ್ಲ. ಅದರ ಕೆಲಸವನ್ನು ತಂಗಳಪೆಟ್ಟಿಗೆಯು ವಹಿಸಿಕೊಂಡಿತು, ನೆಲದ ಎಡೆಯನ್ನೂ ತಿಂದಿತು.

ಅಡುಗೆಯ ಮೂಲೆಯಲ್ಲಿ ಆದ ಬದಲಾವಣೆಯು ಎಲ್ಲಕ್ಕಿಂತ ಆಳವಾದುದು. ಜಗಲಿಕಟ್ಟೆ, ಬಾವಿಕಟ್ಟೆಗಳೆಂದು ಮನೆಯ ಹೊರಗಿದ್ದ ‘ಕಟ್ಟೆ’ಯು ಈಗ ಕಡಪದ ಅಥವಾ ಗ್ರಾನೈಟಿನ ಕಲ್ಲಾಗಿ ಅಡುಗೆಯ ಕಟ್ಟೆಯ ಹೆಸರಿನಲ್ಲಿ ಒಳಗೆ ಬಂದಿದೆ. ಕುಳಿತು ಬೇಯಿಸುತ್ತಿದ್ದವರು ನಿಂತು ಬೇಯಿಸುವಂತಾಯಿತು. ಈಳಿಗೆಮಣೆಗೆ ನೆಲ ಬೇಕು, ಕಾಲು ನೀಡುವಷ್ಟು ಜಾಗ ಬೇಕು; ಅದು ಹೋಗಿ ಚಾಕು ಬಂದಿತು. ಒರಳು ಮಿಕ್ಸಿಯಾಯಿತು. ಬೆನ್ನಿಗೆ ಇದರಿಂದ ಸುಖವಾದುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಈಳಿಗೆಮಣೆಯ ಸುತ್ತ ನಾಲ್ಕು ಜನ ಕೂತು ಅವರೆಕಾಯಿ ಸುಲಿಯುತ್ತಿದ್ದ ಎಡೆಯಲ್ಲಿ ಕಟ್ಟೆಯ ಮುಂದೆ ಒಬ್ಬರೇ ನಿಲ್ಲಬಲ್ಲರು. ಕಿರುಮನೆಯ ಅಳತೆಯು ಒಬ್ಬಳ ಅಥವಾ ಒಬ್ಬನ ಅಳತೆಯಾದುದು ಈ ಕಟ್ಟೆಯಿಂದಲೇ.

ಸಾಮಾನನ್ನು ಕೊಳ್ಳದೆ ಬಾಡಿಗೆಗೆ ತರುವ ಪದ್ಧತಿಯು ೨೦೧೦ರ ದಶಕದಲ್ಲಿ ಹಬ್ಬಿತು. ಫರ್ಲೆಂಕೊ, ರೆಂಟೊಮೊಜೊ ಎಂಬ ಸಂಸ್ಥೆಗಳೆರಡೂ ಬೆಂಗಳೂರಿನಲ್ಲಿಯೇ ನೆಲೆಗೊಂಡು ಬೆಳೆದುವೆಂಬುದು ಆಕಸ್ಮಿಕವಲ್ಲ. ಹನ್ನೊಂದು ತಿಂಗಳ ಮನೆಗೆ ಹನ್ನೊಂದು ತಿಂಗಳ ಮಂಚವು ಒಪ್ಪುವುದು. ಮದುವೆಗೆ ಪಾತ್ರೆ, ಜಮಖಾನ, ಕುರ್ಚಿಗಳನ್ನು ಶಾಮಿಯಾನದ ಅಂಗಡಿಯಿಂದ ತರುವ ಜನಕ್ಕೆ ಬಾಡಿಗೆಯ ಸಾಮಾನು ಹೊಸದಲ್ಲ. ನಾಲ್ಕು ದಿನದ್ದು ತಿಂಗಳಿಗೆ ಬೆಳೆದಿದೆ. ಕೊಳ್ಳುವವರಿಗೆ ೨೦೨೨ರ ಜೂನ್ ತಿಂಗಳಲ್ಲಿ ನಾಗಸಂದ್ರದಲ್ಲಿ ಸ್ವೀಡನ್ ದೇಶದ ಐಕಿಯಾ ಮಳಿಗೆಯು ತೆರೆಯಿತು. ಬನಶಂಕರಿ, ಜೆ. ಪಿ. ನಗರ, ಜಯನಗರಗಳನ್ನು ಹಾಯ್ದುಹೋಗುವ ಮೆಟ್ರೊದ ಹಸಿರು ಮಾರ್ಗವು ಅಲ್ಲಿಗೂ ಮುಟ್ಟುವುದರಿಂದ, ಬಿಡಿಬಿಡಿಯಾಗಿ ಕಟ್ಟಿದ ಕಪಾಟನ್ನು ರೈಲಿನಲ್ಲಿಯೇ ಹೊತ್ತುತರುವವರನ್ನು ಕಾಣಬಹುದು. ಬಿಚ್ಚಿ ಕಟ್ಟಬಲ್ಲ, ಹೊತ್ತು ಸಾಗಬಲ್ಲ ಸಾಮಗ್ರಿಯ ಕಡೆಗೆ ಒಲವು ಮತ್ತೆ ತಿರುಗಿದೆ. ಸುತ್ತಿದ ಚಾಪೆಯನ್ನು ಹೆಗಲ ಮೇಲೆ ಹೊತ್ತು ಬಿಡಾರ ಬದಲಿಸಿದವರ ಕ್ರಮವು, ಬೆಲೆ ಹೆಚ್ಚಿಸಿಕೊಂಡು, ಪರದೇಶದ ಹೆಸರಿನಿಂದ ಹಿಂದಿರುಗಿರುವಂತೆ ತೋರುವುದು.

ಆದರೆ ಹಿಂದಿರುಗದ ವಸ್ತುವೊಂದುಂಟು; ಅದು ಯಾವ ಮಳಿಗೆಯಲ್ಲಿಯೂ ಬಿಕರಿಗಿಲ್ಲ. ಅಂಕಣದ ಮನೆಗೆ ಹಿತ್ತಿಲಿದ್ದಿತು, ವಠಾರದ ಕೋಣೆಗೆ ಅಂಗಳವಿದ್ದಿತು, ಔಟ್‌ಹೌಸಿಗೆ ಒಡೆಯರ ಮನೆಯ ತೆಂಗಿನ ನೆರಳಾದರೂ ಇದ್ದಿತು. ಈಗಿನ ಮನೆಗಳಲ್ಲಿ ಬಾಗಿಲು ತೆರೆದರೆ ಮೆಟ್ಟಿಲು. ಕಿರಿದಾದ ಕೋಣೆಯು ಹಿಂದೆ ಸಹ್ಯವಾಗಿದ್ದುದು ಅದರ ಬಾಗಿಲ ಹೊರಗೂ ಮನೆಯು ಮುಂದುವರಿಯುತ್ತಿದ್ದುದರಿಂದ. ಇಂದಿನ ಒಂಟಿಕೋಣೆಯು ಹೊಸ್ತಿಲಿನಲ್ಲಿಯೇ ಮುಗಿದುಹೋಗುವುದು. ನಲ್ಲಿಯೂ ಪಾಯಿಖಾನೆಯೂ ಒಳಗೆ ಬಂದುದು ದೊಡ್ಡ ಲಾಭ. ಯಾರ ಕಣ್ಣಿಗೂ ಬೀಳದೆ ಹೋಗಿಬರಬಲ್ಲ ಸ್ವಾತಂತ್ರ್ಯವು, ವಿಶೇಷವಾಗಿ ಒಬ್ಬಳೇ ದುಡಿದು ಬಾಳುವ ಹೆಣ್ಣಿಗೆ, ವಠಾರದಲ್ಲಿ ದೊರೆಯುತ್ತಿರಲಿಲ್ಲ. ವಠಾರವನ್ನು ನೆನೆದು ನಿಟ್ಟುಸಿರಿಡುವ ಬರಹಗಾರರು ಈ ಭಾಗವನ್ನು ಮರೆಯುವರು. ಲಾಭನಷ್ಟಗಳೆರಡೂ ಒಂದೇ ಗೋಡೆಯಿಂದ ಬಂದುವೆಂಬುದೇ ಇಲ್ಲಿಯ ತೊಡಕು. ಕೆಲವು ಕಟ್ಟಡಗಳಲ್ಲಿ ತಾರಸಿಯು ಅಂಗಳದ ಕೆಲಸವನ್ನು ಕೈಕೊಂಡಿದೆ. ಅಲ್ಲಿ ಬಟ್ಟೆಯೂ ಒಣಗುವುದು, ಸಂಜೆ ಮಾತೂ ನಡೆಯುವುದು. ಹಲವು ಒಡೆಯರು ಅದಕ್ಕೆ ಬೀಗ ಹಾಕಿರುವರು.

ಇವರು ಮನೆ ಮಾಡಿದವರಲ್ಲ, ತಂಗಿದವರು ಎಂಬ ಮಾತು ಇನ್ನೂ ಉಳಿದಿದೆ. ಭಾರತದ ಜನಗಣತಿಯು ಕುಟುಂಬವನ್ನು ರಕ್ತಸಂಬಂಧದಿಂದಾಗಲಿ ಕೋಣೆಗಳ ಎಣಿಕೆಯಿಂದಾಗಲಿ ಗುರುತಿಸುವುದಿಲ್ಲ; ಸಾಮಾನ್ಯವಾಗಿ ಕೂಡಿ ಇದ್ದು ಒಂದೇ ಅಡುಗೆಯಲ್ಲಿ ಉಣ್ಣುವವರನ್ನು, ಇಲ್ಲವೆ ತನ್ನ ಅಡುಗೆಯನ್ನು ತಾನೇ ನೋಡಿಕೊಳ್ಳುವ ಒಬ್ಬನನ್ನು ಒಂದು ಕುಟುಂಬವೆಂದು ಎಣಿಸುವುದು. ಮನೆವಣ, ಒಕ್ಕಲುದೆರೆಗಳನ್ನು ಎತ್ತಿದ ಶಾಸನಕಾಲದ ಅಧಿಕಾರಿಗಳೂ ಮನೆ ಒಕ್ಕಲುಗಳನ್ನು ಎಣಿಸಿದರೇ ಹೊರತು ಕೋಣೆಗಳನ್ನಲ್ಲ. ಆಡುಮಾತಿನಲ್ಲಿಯೂ ಇದೇ ವಿವೇಚನೆಯುಂಟು. ಹೋಟೆಲಿನಲ್ಲಿ ಉಂಡು ಮಲಗಲು ಮಾತ್ರ ಬರುವವನು ‘ರೂಮಿಗೆ ಹೋಗುತ್ತೇನೆ’ ಎನ್ನುವನು. ಅದೇ ಅಳತೆಯ ಪಕ್ಕದ ಬಾಗಿಲಿನಲ್ಲಿ ಕುಕ್ಕರು ಕೂಗಿಸುವವಳು ‘ಮನೆಗೆ ಹೋಗುತ್ತೇನೆ’ ಎನ್ನುವಳು. ಜಯನಗರ, ಬನಶಂಕರಿಗಳ ಗೇಟುಗಳಿಗೆ ತಂತಿಯಿಂದ ಬಿಗಿದ ತಗಡಿನ ಹಲಗೆಗಳಲ್ಲಿ, ಒಳಗಿರುವುದು ಒಂದು ಕೋಣೆ, ಒಂದು ಕಟ್ಟೆ, ಒಂದು ಬಚ್ಚಲು ಮಾತ್ರವಾದರೂ, ಒಡೆಯರು ಬರೆಯಿಸುವುದು ‘ಮನೆ ಬಾಡಿಗೆಗೆ ಇದೆ’ ಎಂದೇ.